ಪ್ರಾಸ್ಟೇಟ್ ಬಯಾಪ್ಸಿ: ಸೂಜಿಯ ದಾರಿ ಮತ್ತು ಕಳೆದ ಆರು ತಿಂಗಳ ಮಾತ್ರೆಗಳು

ಪ್ರಶ್ನೆ: ಡಾಕ್ಟರ್ ಅವರಿಗೆ ಶರಣಾರ್ಥಿಗಳು. ನಾವು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನವರು, ತೊಗರಿ ಮತ್ತು ಹತ್ತಿ ಬೆಳೆಯುವ ಒಕ್ಕಲುತನದ ಮನೆ. ನಮ್ಮ ತಂದೆಗೆ 68 ವರ್ಷ. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಾರೆ, ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 8.9 ಬಂದಿದೆ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಾರೆಂದು ತೋರಿಸಿದಾಗ ಪಿಎಸ್‌ಎ 11.8 ಇತ್ತು. ಅದನ್ನು ಇಳಿಸಲು ಎರಡು ವಾರ ಲಿವೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ಕೊಟ್ಟರು. ಮತ್ತೆ ನೋಡಿದಾಗ 10.9 ಆಗಿತ್ತು. ಎಂಆರ್‌ಐ ವರದಿಯಲ್ಲಿ ಪೈ-ರ್‍ಯಾಡ್ಸ್ 4 ಎಂದಿದೆ. ಈಗ ಬಯಾಪ್ಸಿ, ಅಂದರೆ ಸೂಜಿಯಿಂದ ಪ್ರಾಸ್ಟೇಟ್ ಗ್ರಂಥಿಯ ಚೂರು ತೆಗೆದು ನೋಡುವ ಪರೀಕ್ಷೆ, ಮಾಡಬೇಕು ಎನ್ನುತ್ತಿದ್ದಾರೆ. ನಮ್ಮ ದೊಡ್ಡಪ್ಪನಿಗೆ ಎರಡು ವರ್ಷಗಳ ಹಿಂದೆ ಇದೇ ಪರೀಕ್ಷೆ ಆದ ಮೂರನೆಯ ದಿನ ಚಳಿಜ್ವರ ಬಂದು ಒಂಬತ್ತು ದಿನ ಐಸಿಯುನಲ್ಲಿ ಇರಬೇಕಾಯಿತು. ಅಂದಿನಿಂದ ಮನೆಯಲ್ಲಿ ಎಲ್ಲರಿಗೂ ಭಯ. ಊರಿನ ಔಷಧಿ ಅಂಗಡಿಯವರು, ಐದು ದಿನ ಮೊದಲೇ ಸೆಫಿಕ್ಸಿಮ್‌ನಂಥ ಜೋರಾದ ಮಾತ್ರೆ ಶುರು ಮಾಡಿದರೆ ಏನೂ ಆಗುವುದಿಲ್ಲ ಎನ್ನುತ್ತಾರೆ. ಹಾಗೆ ಮಾಡಬಹುದೇ? ಬಯಾಪ್ಸಿ ಬಿಟ್ಟುಬಿಟ್ಟರೆ ಆಗದೇ? ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎನ್ನುವುದು ನಿಜವೇ? ಕಲಬುರಗಿಯಲ್ಲೇ ಮಾಡಿಸಬೇಕೇ, ಹೈದರಾಬಾದಿಗೆ ಹೋಗಬೇಕೇ?

ಉತ್ತರ: ನೀವು ನಾಲ್ಕು ಪ್ರಶ್ನೆ ಕೇಳಿದ್ದರೂ ನಿಮ್ಮ ಮನಸ್ಸಿನಲ್ಲಿ ಇರುವುದು ಒಂದೇ: ದೊಡ್ಡಪ್ಪನವರಿಗೆ ಆದದ್ದು ತಂದೆಯವರಿಗೂ ಆದರೆ ಹೇಗೆ ಎಂಬ ಭಯ. ಆ ಭಯಕ್ಕೆ ಆಧಾರವಿದೆ. ಅದನ್ನು ತಳ್ಳಿಹಾಕುವ ವೈದ್ಯ ನಾನಲ್ಲ. ಗುದನಾಳದ ಮೂಲಕ ಸೂಜಿ ಹಾಕಿ ಮಾಡುವ ಬಯಾಪ್ಸಿಯ ನಂತರ, ಬೇರೆ ಬೇರೆ ದೇಶಗಳ ವರದಿಗಳನ್ನು ಒಟ್ಟಿಗೆ ನೋಡಿದರೆ, ನೂರರಲ್ಲಿ ಐದಾರು ಜನರಿಗೆ ಯಾವುದಾದರೊಂದು ಬಗೆಯ ಸೋಂಕು ಆಗುತ್ತದೆ ಮತ್ತು ಒಬ್ಬರಿಂದ ಮೂವರು ಆಸ್ಪತ್ರೆಗೆ ದಾಖಲಾಗುತ್ತಾರೆ. ಉಳಿದ ತೊಂಬತ್ತಕ್ಕೂ ಹೆಚ್ಚು ಜನ ಎರಡು ದಿನ ಮೂತ್ರದಲ್ಲಿ ಕೆಂಪು ಕಂಡು ಮತ್ತೆ ತಮ್ಮ ಕೆಲಸಕ್ಕೆ ಮರಳುತ್ತಾರೆ. ಆದರೆ ಈ ಲೆಕ್ಕ ಎಲ್ಲರ ಸರಾಸರಿ. ನಿಮ್ಮ ತಂದೆಯವರ ಅಪಾಯ ಸರಾಸರಿಗಿಂತ ಹೆಚ್ಚು ಎಂದು ನಿಮ್ಮ ಪತ್ರವೇ ಹೇಳುತ್ತದೆ, ಏಕೆಂದು ಮುಂದೆ ವಿವರಿಸುತ್ತೇನೆ. ಅದನ್ನು ತಗ್ಗಿಸುವ ದಾರಿಗಳೂ ಇವೆ. ಅವುಗಳಲ್ಲಿ ಅಂಗಡಿಯವರು ಹೇಳಿದ ದಾರಿ ಇಲ್ಲ.

ಬಯಾಪ್ಸಿ ಬೇಕೇ ಎಂಬುದನ್ನು ಮೊದಲು ಮುಗಿಸೋಣ. ಪಿಎಸ್‌ಎ ಎನ್ನುವುದು ಪ್ರಾಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಸೇರುವ ಒಂದು ಪ್ರೋಟೀನು. ಕ್ಯಾನ್ಸರ್ ಇದ್ದಾಗ ಮಾತ್ರವಲ್ಲದೆ ಗ್ರಂಥಿ ದೊಡ್ಡದಾದಾಗ, ಮೂತ್ರದ ಸೋಂಕು ಆದಾಗ, ಮೂತ್ರ ಕಟ್ಟಿ ನಳಿಗೆ ಹಾಕಿದಾಗಲೂ ಅದು ಏರುತ್ತದೆ. ಆದ್ದರಿಂದ ಒಂದೇ ಸಲದ ಪಿಎಸ್‌ಎ ನೋಡಿ ಬಯಾಪ್ಸಿಗೆ ಕಳಿಸುವುದು ತಪ್ಪು. ನಿಮ್ಮಲ್ಲಿ ಹಾಗಾಗಿಲ್ಲ: ಎರಡು ಸಲ ನೋಡಿದ್ದಾರೆ, ಎಂಆರ್‌ಐ ಕೂಡ ಮಾಡಿಸಿದ್ದಾರೆ. ಎಂಆರ್‌ಐಯಲ್ಲಿ ಕಂಡ ಜಾಗಕ್ಕೆ 1ರಿಂದ 5ರವರೆಗೆ ಅಂಕ ಕೊಡುವ ಪದ್ಧತಿಯೇ ಪೈ-ರ್‍ಯಾಡ್ಸ್. 1 ಅಥವಾ 2 ಬಂದು ಬೇರೆ ಅನುಮಾನಗಳು ಇಲ್ಲದಿದ್ದರೆ ಎಷ್ಟೋ ಜನರಿಗೆ ಬಯಾಪ್ಸಿಯನ್ನೇ ತಪ್ಪಿಸಿ ಆರು ತಿಂಗಳಿಗೊಮ್ಮೆ ಪಿಎಸ್‌ಎ ನೋಡುತ್ತಾ ಹೋಗಬಹುದು. 2018ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಮೊದಲು ಎಂಆರ್‌ಐ ಮಾಡಿಸಿದವರಲ್ಲಿ ನೂರಕ್ಕೆ 28 ಜನರಿಗೆ ಸೂಜಿಯೇ ಬೇಕಾಗಲಿಲ್ಲ. ಸೋಂಕು ತಡೆಯುವ ಅತ್ಯುತ್ತಮ ಉಪಾಯವೆಂದರೆ ಬೇಡದ ಬಯಾಪ್ಸಿಯನ್ನು ಮಾಡದಿರುವುದು. ನನ್ನ ಬಳಿ ಬರುವವರಿಗೆ ನಾನು ಇದನ್ನೇ ಮೊದಲು ಹೇಳುತ್ತೇನೆ. ಆದರೆ ನಿಮ್ಮ ತಂದೆಯವರಿಗೆ ಬಂದಿರುವುದು 4. ಚಿಕಿತ್ಸೆ ಬೇಕಾಗುವ ಕ್ಯಾನ್ಸರ್ ಇರುವ ಸಾಧ್ಯತೆ ಸಾಕಷ್ಟಿದೆ ಎಂದು ಅದರ ಅರ್ಥ. ಇರುವುದು ಕ್ಯಾನ್ಸರೇ, ಇದ್ದರೆ ನಿಧಾನದ್ದೋ ಬೇಗ ಬೆಳೆಯುವುದೋ ಎಂಬುದನ್ನು ರಕ್ತಪರೀಕ್ಷೆಯಾಗಲೀ ಚಿತ್ರವಾಗಲೀ ಖಚಿತವಾಗಿ ಹೇಳಲಾರದು. ಈ ಸ್ಥಿತಿಯಲ್ಲಿ ಬಯಾಪ್ಸಿ ಬಿಡುವುದನ್ನು ನಾನು ಒಪ್ಪಲಾರೆ.

ಸೂಜಿ ತಾಗಿದರೆ ಗಡ್ಡೆ ಕೆರಳಿ ಹರಡುತ್ತದೆ ಎಂಬ ಮಾತು ನಮ್ಮ ಭಾಗದಲ್ಲಿ ಬಹಳ ಗಟ್ಟಿಯಾಗಿ ಬೇರೂರಿದೆ. ಪ್ರಾಸ್ಟೇಟ್‌ನಲ್ಲಿ ಸೂಜಿಯ ಹಾದಿಯಲ್ಲಿ ಕ್ಯಾನ್ಸರ್ ಬೆಳೆದ ಉದಾಹರಣೆಗಳು ಜಗತ್ತಿನ ವೈದ್ಯಕೀಯ ಸಾಹಿತ್ಯದಲ್ಲೇ ಅತಿ ವಿರಳ. ಬಯಾಪ್ಸಿ ಆದ ಮೇಲೆ ರೋಗ ಉಲ್ಬಣಿಸಿದಂತೆ ಕಾಣುವವರಲ್ಲಿ ರೋಗ ಮೊದಲೇ ಮುಂದುವರಿದಿರುತ್ತದೆ. ಪರೀಕ್ಷೆ ಅದನ್ನು ಬಯಲಿಗೆ ತರುತ್ತದೆ, ಅಷ್ಟೆ. ಈ ಒಂದು ಕಾರಣಕ್ಕಾಗಿ ನೀವು ಹಿಂಜರಿಯಬೇಕಿಲ್ಲ.

ಈಗ ಮುಖ್ಯ ವಿಷಯ. ದೊಡ್ಡಪ್ಪನವರ ಸೋಂಕು ಎಲ್ಲಿಂದ ಬಂದಿರಬಹುದು? ಆಸ್ಪತ್ರೆಯ ಸೂಜಿ ಶುದ್ಧವಿರಲಿಲ್ಲ, ಕೋಣೆ ಸ್ವಚ್ಛವಿರಲಿಲ್ಲ ಎಂದು ಬಹಳ ಜನ ಭಾವಿಸುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಹಾಗಿರುವುದಿಲ್ಲ. ಪ್ರಾಸ್ಟೇಟ್ ಗ್ರಂಥಿ ಮೂತ್ರಕೋಶದ ಕೆಳಗೆ, ಗುದನಾಳದ ಗೋಡೆಗೆ ಅಂಟಿಕೊಂಡಂತೆ ಕುಳಿತಿದೆ. ಹಳೆಯ ವಿಧಾನದಲ್ಲಿ ಬೆರಳು ಗಾತ್ರದ ಸ್ಕ್ಯಾನ್ ಉಪಕರಣವನ್ನು ಗುದದ್ವಾರದ ಒಳಗಿಟ್ಟು, ಅದರ ಮೂಲಕ ಸ್ಪ್ರಿಂಗ್ ಬಂದೂಕಿನ ಸೂಜಿಯನ್ನು ಗುದನಾಳದ ಗೋಡೆ ದಾಟಿಸಿ ಗ್ರಂಥಿಗೆ ಹಾಕುತ್ತೇವೆ. ಸಾಮಾನ್ಯವಾಗಿ ಹನ್ನೆರಡು ಸಲ, ಎಂಆರ್‌ಐಯಲ್ಲಿ ಕಂಡ ಜಾಗದಿಂದ ಇನ್ನೆರಡು ಮೂರು ಸಲ. ಸೂಜಿ ಪ್ಯಾಕೆಟ್‌ನಿಂದ ಹೊರಬರುವಾಗ ಪೂರ್ಣ ಶುದ್ಧವಾಗಿಯೇ ಇರುತ್ತದೆ. ಆದರೆ ಅದು ಹಾಯ್ದು ಹೋಗುವುದು ಮಲ ಇರುವ ಜಾಗದಿಂದ. ಅಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಎಲ್ಲ ಮನುಷ್ಯರಲ್ಲೂ ಹುಟ್ಟಿನಿಂದಲೇ ಮನೆ ಮಾಡಿಕೊಂಡಿರುತ್ತದೆ, ಕರುಳಿನಲ್ಲಿ ಇರುವವರೆಗೆ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಸೂಜಿಯ ತುದಿಗೆ ಅಂಟಿ ಪ್ರಾಸ್ಟೇಟ್‌ಗೆ, ಅಲ್ಲಿಂದ ಮೂತ್ರಕ್ಕೋ ರಕ್ತಕ್ಕೋ ಸೇರಿದಾಗ ಅದೇ ಬ್ಯಾಕ್ಟೀರಿಯಾ ಚಳಿಜ್ವರ ತರುತ್ತದೆ. ಕೆಲವರಲ್ಲಿ ಇಡೀ ರಕ್ತಕ್ಕೆ ನಂಜು ಏರುತ್ತದೆ. ಅಂದರೆ ಸೋಂಕು ಬರುವುದು ಹೊರಗಿನಿಂದಲ್ಲ, ರೋಗಿಯದೇ ಕರುಳಿನಿಂದ.

ಇದು ವೈದ್ಯರಿಗೆ ಹಿಂದಿನಿಂದಲೂ ಗೊತ್ತಿದ್ದ ಸಂಗತಿ. ಅದಕ್ಕಾಗಿಯೇ ಬಯಾಪ್ಸಿಗೆ ಮುಂಚೆ ಸಿಪ್ರೊಫ್ಲಾಕ್ಸಾಸಿನ್ ಅಥವಾ ಅದರ ಕುಟುಂಬದ ಲಿವೊಫ್ಲಾಕ್ಸಾಸಿನ್, ಓಫ್ಲಾಕ್ಸಾಸಿನ್ ಮಾತ್ರೆ ಕೊಡುವ ರೂಢಿ ಬಂತು. ಆಯ್ಕೆಗೆ ಒಳ್ಳೆಯ ಕಾರಣವಿತ್ತು: ಈ ಔಷಧಗಳು ಪ್ರಾಸ್ಟೇಟ್ ಒಳಗೆ ಚೆನ್ನಾಗಿ ಇಳಿಯುತ್ತವೆ, ಬಾಯಿಂದ ತೆಗೆದುಕೊಂಡರೂ ಸಾಕು, ಬೆಲೆಯೂ ಕಡಿಮೆ. ಅನೇಕ ವರ್ಷ ಅವು ಕೆಲಸ ಮಾಡಿದವು. ಈಗ ಮಾಡುತ್ತಿಲ್ಲ. ನಮ್ಮ ದೇಶದಲ್ಲಿ ರೋಗಿಗಳಿಂದ ಬೆಳೆಸಿದ ಇ. ಕೋಲಿಯಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚು ಪಾಲು ಈ ಗುಂಪಿನ ಔಷಧಗಳಿಗೆ ಜಗ್ಗುವುದಿಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವರದಿಗಳು ವರ್ಷ ವರ್ಷವೂ ತೋರಿಸುತ್ತಿವೆ. ಯುರೋಪಿನಲ್ಲಿ ಹೀಗೆ ಔಷಧಕ್ಕೆ ಜಗ್ಗದಿರುವ ನಿರೋಧಕತೆ ನಮ್ಮಷ್ಟು ಇಲ್ಲ. ಆದರೂ ಸ್ನಾಯುರಜ್ಜು ಹರಿಯುವುದು, ನರಗಳಿಗೆ ಹಾನಿಯಾಗುವುದು ಮೊದಲಾದ ಅಡ್ಡಪರಿಣಾಮಗಳನ್ನು ಗಮನಿಸಿ ಅಲ್ಲಿ 2019ರಿಂದ ಬಯಾಪ್ಸಿಯ ಸೋಂಕು ತಡೆಗೆ ಇವುಗಳ ಬಳಕೆಯನ್ನು ನಿಲ್ಲಿಸಲಾಯಿತು.

ತೊಗರಿ ಬೆಳೆಯುವ ನಿಮಗೆ ಈ ನಿರೋಧಕತೆ ಅರ್ಥವಾಗಲು ನನ್ನ ವಿವರಣೆ ಬೇಕಿಲ್ಲ. ಕಾಯಿಕೊರಕಕ್ಕೆ ಒಂದೇ ಎಣ್ಣೆಯನ್ನು ಮೇಲಿಂದ ಮೇಲೆ ಹೊಡೆದ ವರ್ಷಗಳಲ್ಲಿ ಏನಾಯಿತೆಂದು ಕಲಬುರಗಿ, ಬೀದರ್ ಕಡೆಯ ಹಿರಿಯ ರೈತರು ಕಂಡಿದ್ದಾರೆ. ಎಣ್ಣೆಗೆ ಸಾಯುವ ಹುಳುಗಳೆಲ್ಲ ಸತ್ತು, ಸಾಯದ ನಾಲ್ಕು ಹುಳುಗಳ ಸಂತಾನವೇ ಹೊಲ ತುಂಬಿತು. ಕರುಳಿನಲ್ಲಿ ಆಗುವುದೂ ಹಾಗೆಯೇ. ಒಂದು ಆ್ಯಂಟಿಬಯೋಟಿಕ್ ತೆಗೆದುಕೊಂಡಾಗ ಅದಕ್ಕೆ ಬಗ್ಗುವ ಬ್ಯಾಕ್ಟೀರಿಯಾ ಸಾಯುತ್ತದೆ, ಬಗ್ಗದ್ದು ಉಳಿದು ಬೆಳೆಯುತ್ತದೆ, ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ಮುಂದೆ ಅದೇ ಗುಂಪಿನ ಮಾತ್ರೆ ಕೊಟ್ಟು ಬಯಾಪ್ಸಿ ಮಾಡಿದರೆ ಸೂಜಿಯ ತುದಿಗೆ ಅಂಟುವುದು ಆ ಉಳಿದ ತಳಿಯೇ.

ಆದ್ದರಿಂದ ಬಯಾಪ್ಸಿಗೆ ಬಂದವರನ್ನು ನಾನು ಮೊದಲು ಕೇಳುವುದು ಕಳೆದ ಆರು ತಿಂಗಳಲ್ಲಿ ಯಾವ ಯಾವ ಮಾತ್ರೆ ನುಂಗಿದ್ದೀರಿ ಎಂದು. ಹೆಚ್ಚಿನವರು ಏನೂ ಇಲ್ಲ ಎನ್ನುತ್ತಾರೆ. ಬಿಡದೆ ವಿಚಾರಿಸಿದರೆ ಒಂದೊಂದೇ ನೆನಪಾಗುತ್ತದೆ: ಮದುವೆ ಊಟ ಮಾಡಿ ಭೇದಿಯಾದಾಗ ಅಂಗಡಿಯಿಂದ ತಂದ ಓಫ್ಲಾಕ್ಸಾಸಿನ್ ಮತ್ತು ಓರ್ನಿಡಜೋಲ್ ಕೂಡಿದ ಮಾತ್ರೆ, ಕೆಮ್ಮಿಗೆ ಮೂರು ದಿನ ಅಜಿತ್ರೊಮೈಸಿನ್, ಹಲ್ಲುನೋವಿಗೆ ಸೆಫಿಕ್ಸಿಮ್, ಉರಿಮೂತ್ರಕ್ಕೆ ಐದು ದಿನ ಸಿಪ್ರೊಫ್ಲಾಕ್ಸಾಸಿನ್. ಇವನ್ನು ಯಾರೂ ಔಷಧವೆಂದು ಲೆಕ್ಕಕ್ಕೆ ಇಟ್ಟಿರುವುದಿಲ್ಲ. ಮಾತ್ರೆಯ ಹಾಳೆಯ ಹಿಂಬದಿಯಲ್ಲಿ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದನ್ನು ವೈದ್ಯರ ಚೀಟಿ ಇಲ್ಲದೆ ಕೊಡುವಂತಿಲ್ಲ, ಕೊಳ್ಳುವಂತಿಲ್ಲ ಎಂದು ಅರ್ಥ. ಆದರೂ ನಡೆಯುತ್ತಲೇ ಇದೆ. ಇದರಲ್ಲಿ ರೈತರನ್ನಷ್ಟೇ ದೂರುವುದು ನ್ಯಾಯವಲ್ಲ; ಆಸ್ಪತ್ರೆ ಮೂವತ್ತು ಮೈಲಿ ದೂರವಿರುವ ಊರಿನಲ್ಲಿ ರಾತ್ರಿ ಭೇದಿ ಶುರುವಾದರೆ ಮನುಷ್ಯ ಹತ್ತಿರದ ಅಂಗಡಿಗೇ ಹೋಗುತ್ತಾನೆ.

ನಿಮ್ಮ ತಂದೆಯವರ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ, ಅದನ್ನು ಹೇಳಲು ನನಗೆ ಬೇಸರವಾಗುತ್ತದೆ. ಪಿಎಸ್‌ಎ ಇಳಿಸಲೆಂದು ಅವರಿಗೆ ಎರಡು ವಾರ ಲಿವೊಫ್ಲಾಕ್ಸಾಸಿನ್ ಕೊಡಲಾಗಿದೆ. ಇದು ಬಹಳ ಕಡೆ ನಡೆದುಬಂದ ರೂಢಿ. ನಾನೂ ಒಂದು ಕಾಲದಲ್ಲಿ ಬರೆದುಕೊಟ್ಟಿದ್ದೇನೆ. ಉರಿ, ಜ್ವರ, ಮೂತ್ರ ಪರೀಕ್ಷೆಯಲ್ಲಿ ಸೋಂಕು ಇವು ಯಾವುವೂ ಇಲ್ಲದವರಿಗೆ ಹೀಗೆ ಮಾತ್ರೆ ಕೊಡುವುದರಿಂದ ಕ್ಯಾನ್ಸರ್ ಇದೆಯೋ ಇಲ್ಲವೋ ಎಂಬುದು ತಿಳಿಯುವುದಿಲ್ಲ. ಪಿಎಸ್‌ಎ ತಾನಾಗಿಯೇ ಸ್ವಲ್ಪ ಏರಿಳಿಯುತ್ತದೆ, 11.8ರಿಂದ 10.9ಕ್ಕೆ ಬಂದದ್ದು ಅಂಥದೇ ಏರಿಳಿತ. ಮಾತ್ರೆ ಇಲ್ಲದೆ ನಾಲ್ಕೈದು ವಾರ ಕಾದು ಮತ್ತೆ ಪರೀಕ್ಷಿಸಿದ್ದರೂ ಸಾಕಿತ್ತು. ಈಗ ಅವರ ಕರುಳಿನಲ್ಲಿ ಈ ಗುಂಪಿನ ಔಷಧಕ್ಕೆ ಬಗ್ಗದ ಇ. ಕೋಲಿ ಇದೆ ಎಂದೇ ತಿಳಿದು ಮುಂದುವರಿಯಬೇಕಾಗಿದೆ. ಜೊತೆಗೆ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಿಗೆ ಈ ಔಷಧ ಸೇರಿದರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯುವ ಸಾಧ್ಯತೆಯೂ ಇದೆ. ಈ ಎರಡು ಕಾರಣಗಳಿಂದ, ಬಯಾಪ್ಸಿಯ ಚೀಟಿಯಲ್ಲಿ ಮತ್ತೆ ಸಿಪ್ರೊಫ್ಲಾಕ್ಸಾಸಿನ್ ಅಥವಾ ಲಿವೊಫ್ಲಾಕ್ಸಾಸಿನ್ ಕಂಡರೆ, ಈಗಾಗಲೇ ಎರಡು ವಾರ ತೆಗೆದುಕೊಂಡಿದ್ದಾರೆ ಎಂದು ದಯವಿಟ್ಟು ಸಂಕೋಚಪಡದೆ ವೈದ್ಯರಿಗೆ ತಿಳಿಸಿ.

ಅಂಗಡಿಯವರು ಹೇಳಿದ ಸೆಫಿಕ್ಸಿಮ್‌ನ ಕಥೆಯೂ ಬೇರೆಯಲ್ಲ. ಐದು ದಿನ ಮೊದಲು ಶುರು ಮಾಡಿದರೆ ಆ ಐದು ದಿನಗಳಲ್ಲಿ ಅದಕ್ಕೆ ಬಗ್ಗುವ ಬ್ಯಾಕ್ಟೀರಿಯಾ ಸತ್ತು, ಬಗ್ಗದ್ದೇ ಮುಂಚೂಣಿಗೆ ಬರಲು ಅವಕಾಶ ಸಿಗುತ್ತದೆ. ಸೋಂಕು ತಡೆಯುವ ಔಷಧ ಕೆಲಸ ಮಾಡಬೇಕಾದದ್ದು ಸೂಜಿ ಹೋಗುವ ಹೊತ್ತಿನಲ್ಲಿ. ಆ ಹೊತ್ತಿಗೆ ರಕ್ತದಲ್ಲೂ ಪ್ರಾಸ್ಟೇಟ್‌ನಲ್ಲೂ ಸಾಕಷ್ಟು ಪ್ರಮಾಣದಲ್ಲಿ ಇದ್ದರಾಯಿತು. ಅದಕ್ಕೆ ಇಂಜೆಕ್ಷನ್ ಆದರೆ ಒಂದು ತಾಸಿನ ಒಳಗೆ, ಬಾಯಿಂದ ಕೊಡುವುದಾದರೆ ಕೆಲವು ತಾಸು ಮೊದಲು ಕೊಡುತ್ತೇವೆ. ಬಯಾಪ್ಸಿ ಆದ ಮೇಲೆ ವಾರಗಟ್ಟಲೆ ಮಾತ್ರೆ ಮುಂದುವರಿಸುವುದರಿಂದಲೂ ಹೆಚ್ಚಿನ ರಕ್ಷಣೆ ಸಿಗುವುದಿಲ್ಲ. ಬ್ಯಾಕ್ಟೀರಿಯಾ ಆ ಔಷಧಕ್ಕೆ ಬಗ್ಗುವುದಾದರೆ ಒಂದು ಪ್ರಮಾಣ ಸಾಕು, ಬಗ್ಗದಿದ್ದರೆ ಹತ್ತು ದಿನವೂ ವ್ಯರ್ಥ. ಜೋರಾದ ಮಾತ್ರೆ ಎಂಬುದೊಂದು ಇಲ್ಲ. ಆ ಬ್ಯಾಕ್ಟೀರಿಯಾಕ್ಕೆ ತಾಗುವ ಔಷಧ, ತಾಗದ ಔಷಧ, ಅಷ್ಟೇ ಇರುವುದು.

ನಾನು ಕೆಲಸ ಶುರು ಮಾಡಿದ ಹೊಸದರಲ್ಲಿ ಸುರಪುರ ಕಡೆಯ ಒಬ್ಬ ಹಿರಿಯರಿಗೆ ಬಯಾಪ್ಸಿ ಮಾಡಿದ್ದೆ. ರೂಢಿಯಂತೆ ಸಿಪ್ರೊಫ್ಲಾಕ್ಸಾಸಿನ್ ಕೊಟ್ಟಿದ್ದೆ, ಎಲ್ಲವೂ ಸರಿಯಾಗಿ ನಡೆಯಿತು, ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋದರು. ಮರುದಿನ ಸಂಜೆ ಮೈ ನಡುಗಿ ಜ್ವರ ಬಂತು. ಮನೆಯವರು ಕಂಬಳಿ ಹೊದಿಸಿ, ಪ್ಯಾರಾಸಿಟಮಾಲ್ ಕೊಟ್ಟು, ಬೆಳಗಾಗಲಿ ಎಂದು ಕಾದರು. ಬೆಳಿಗ್ಗೆ ಮಾತು ತೊದಲುತ್ತಿತ್ತು. ನಮ್ಮಲ್ಲಿಗೆ ಬರುವಷ್ಟರಲ್ಲಿ ರಕ್ತದೊತ್ತಡ ಕುಸಿದಿತ್ತು. ಅವರು ಬದುಕಿದರು, ಆದರೆ ಎರಡು ವಾರ ಬೇಕಾಯಿತು. ಅವರ ರಕ್ತದ ಕಲ್ಚರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ಯಾವ ಔಷಧ ತಾಗುತ್ತದೆಂದು ನೋಡುವ ಪರೀಕ್ಷೆಯ ವರದಿಯಲ್ಲಿ ನಾನು ಕೊಟ್ಟ ಮಾತ್ರೆಯ ಹೆಸರಿನ ಮುಂದೆ ಕೆಲಸ ಮಾಡುವುದಿಲ್ಲ ಎಂದು ಬರೆದಿತ್ತು. ಊರಿನಲ್ಲಿ ಆ ವರ್ಷ ಎಷ್ಟು ಸಲ ಆ ಮಾತ್ರೆ ತೆಗೆದುಕೊಂಡಿದ್ದರೆಂದು ನಾನು ಕೇಳಿರಲಿಲ್ಲ. ಜ್ವರ ಬಂದರೆ ರಾತ್ರಿಯೇ ಹೊರಡಬೇಕು ಎಂದು ಮನೆಯವರಿಗೆ ಸ್ಪಷ್ಟವಾಗಿ ಹೇಳಿಯೂ ಇರಲಿಲ್ಲ. ಆ ಎರಡೂ ತಪ್ಪು ನನ್ನವು. ಅಂದಿನಿಂದ ಈ ಎರಡು ಮಾತು ಆಡದೆ ನಾನು ಸೂಜಿ ಕೈಗೆ ತೆಗೆದುಕೊಳ್ಳುವುದಿಲ್ಲ.

ಇನ್ನು ನಿಮ್ಮ ಮುಂದಿರುವ ದಾರಿಗಳಿಗೆ ಬರೋಣ. ನನ್ನ ದೃಷ್ಟಿಯಲ್ಲಿ ಮೊದಲನೆಯದು ಸೂಜಿಯ ದಾರಿಯನ್ನೇ ಬದಲಿಸುವುದು. ವೃಷಣಚೀಲಕ್ಕೂ ಗುದದ್ವಾರಕ್ಕೂ ನಡುವೆ ಇರುವ ಚರ್ಮದ ಮೂಲಕ ಸೂಜಿ ಹಾಕಿದರೂ ಪ್ರಾಸ್ಟೇಟ್ ತಲುಪಬಹುದು. ಸ್ಕ್ಯಾನ್ ಉಪಕರಣ ಮಾತ್ರ ಗುದನಾಳದಲ್ಲಿರುತ್ತದೆ. ಸೂಜಿ ಅಲ್ಲಿಗೆ ಹೋಗುವುದೇ ಇಲ್ಲ. ಚರ್ಮವನ್ನು ಔಷಧ ಹಚ್ಚಿ ಶುದ್ಧ ಮಾಡಬಹುದು, ಕರುಳನ್ನು ಹಾಗೆ ಮಾಡಲಾಗದು. ಇದನ್ನು ಟ್ರಾನ್ಸ್‌ಪೆರಿನಿಯಲ್ ಬಯಾಪ್ಸಿ ಎನ್ನುತ್ತಾರೆ. ಯುರೋಪಿನ ಮೂತ್ರರೋಗ ತಜ್ಞರ ಸಂಘದ ಮಾರ್ಗಸೂಚಿ ಸೋಂಕಿನ ಕಾರಣಕ್ಕಾಗಿಯೇ ಇದಕ್ಕೆ ಆದ್ಯತೆ ಕೊಡುತ್ತದೆ. ನಾರ್ವೆ ಮತ್ತು ಜರ್ಮನಿಯಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ದಾರಿಯಲ್ಲಿ ಬಯಾಪ್ಸಿ ಮಾಡಿಸಿಕೊಂಡ 550ಕ್ಕೂ ಹೆಚ್ಚು ಜನರಲ್ಲಿ ಅರ್ಧ ಜನರಿಗೆ ಆ್ಯಂಟಿಬಯೋಟಿಕ್ ಕೊಟ್ಟು ಇನ್ನರ್ಧ ಜನರಿಗೆ ಕೊಡದೆ ಹೋಲಿಸಿದರು; ಎರಡೂ ಗುಂಪಿನಲ್ಲಿ ಒಬ್ಬರಿಗೂ ರಕ್ತಕ್ಕೆ ನಂಜು ಏರಲಿಲ್ಲ. ಆದರೂ ನಿಮ್ಮ ತಂದೆಯವರಂತೆ ಸಕ್ಕರೆ ಹತೋಟಿಯಲ್ಲಿಲ್ಲದವರಿಗೆ ಏನನ್ನೂ ಕೊಡದೆ ಮಾಡಲು ನನಗೆ ಧೈರ್ಯ ಬರುವುದಿಲ್ಲ. ಸೆಫಜೊಲಿನ್‌ನಂಥ ಒಂದೇ ಇಂಜೆಕ್ಷನ್ ಕೊಟ್ಟು ಮಾಡುತ್ತೇನೆ.

ಈ ವಿಧಾನದ ಅನನುಕೂಲಗಳನ್ನೂ ತಿಳಿದಿರಬೇಕು. ಕಾಲು ಮೇಲೆತ್ತಿ ಮಲಗಿಸಬೇಕು, ಸ್ವಲ್ಪ ಹೆಚ್ಚು ಸಮಯ ಹಿಡಿಯುತ್ತದೆ, ನೋವೂ ಕೊಂಚ ಹೆಚ್ಚು. ಸ್ಥಳೀಯ ಅರಿವಳಿಕೆ ಸಾಕಾಗುತ್ತದೆಯಾದರೂ ಕೆಲವು ಕಡೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುತ್ತಾರೆ, ಆಗ ಖರ್ಚು ಮತ್ತು ಆಸ್ಪತ್ರೆಯಲ್ಲಿ ಇರುವ ಸಮಯ ಎರಡೂ ಹೆಚ್ಚುತ್ತವೆ. ಗ್ರಂಥಿ ದೊಡ್ಡದಾಗಿ ಮೂತ್ರದ ಧಾರೆ ಮೊದಲೇ ಸಣ್ಣದಾಗಿರುವವರಿಗೆ ಬಯಾಪ್ಸಿಯ ನಂತರ ಒಂದೆರಡು ದಿನ ಮೂತ್ರ ಕಟ್ಟುವ ಸಾಧ್ಯತೆಯಿದೆ. ಇದು ಎರಡೂ ವಿಧಾನಗಳಿಗೆ ಅನ್ವಯಿಸುತ್ತದೆ. ಎಲ್ಲ ಕಡೆ ಈ ವಿಧಾನದಲ್ಲಿ ಕೈ ಪಳಗಿದವರು ಇರುವುದಿಲ್ಲ ಎಂಬುದೂ ನಿಜ. ಆದ್ದರಿಂದ ಕಲಬುರಗಿಯೋ ಹೈದರಾಬಾದೋ ಎಂದು ಊರಿನ ಹೆಸರಿನ ಮೇಲೆ ನಿರ್ಧರಿಸಬೇಡಿ. ಸೂಜಿಯನ್ನು ಯಾವ ದಾರಿಯಲ್ಲಿ ಹಾಕುತ್ತೀರಿ, ವಾರಕ್ಕೋ ತಿಂಗಳಿಗೋ ಇಂಥವು ಎಷ್ಟು ಮಾಡುತ್ತೀರಿ, ರಾತ್ರಿ ಜ್ವರ ಬಂದರೆ ಯಾರನ್ನು ಕರೆಯಬೇಕು ಎಂಬ ಮೂರು ಪ್ರಶ್ನೆಗಳನ್ನು ಕೇಳಿ ನಿರ್ಧರಿಸಿ. ದೂರದ ನಗರದಲ್ಲಿ ಮಾಡಿಸಿ ಅದೇ ಸಂಜೆ ರೈಲು ಹತ್ತಿ ಊರಿಗೆ ಬಂದವರು, ಮೂರನೆಯ ದಿನ ಜ್ವರ ಬಂದಾಗ ತಮ್ಮ ಕಾಗದಪತ್ರ ಯಾರಿಗೂ ಅರ್ಥವಾಗದೆ ಅಲೆದದ್ದನ್ನು ನಾನು ಕಂಡಿದ್ದೇನೆ. ಹೈದರಾಬಾದಿಗೇ ಹೋಗುವುದಾದರೆ ಮೂರು ನಾಲ್ಕು ದಿನ ಅಲ್ಲೇ ನೆಂಟರ ಮನೆಯಲ್ಲಿ ಉಳಿಯುವ ವ್ಯವಸ್ಥೆ ಮಾಡಿಕೊಳ್ಳಿ.

ಚರ್ಮದ ಮೂಲಕ ಮಾಡುವ ಅನುಕೂಲ ಸಿಗದಿದ್ದರೆ ಗುದನಾಳದ ಮೂಲಕವೇ ಮಾಡಿಸುವುದೂ ಅವಿವೇಕವಲ್ಲ, ತಯಾರಿ ಸರಿಯಾಗಿರಬೇಕು ಅಷ್ಟೆ. 2024ರಲ್ಲಿ ಅಮೆರಿಕದಿಂದ ಪ್ರಕಟವಾದ, 658 ಜನರ ಮೇಲೆ ನಡೆದ ಅಧ್ಯಯನದಲ್ಲಿ, ರೋಗಿಯ ಕರುಳಿನ ಬ್ಯಾಕ್ಟೀರಿಯಾವನ್ನು ಮೊದಲೇ ಪರೀಕ್ಷಿಸಿ ಅದಕ್ಕೆ ತಾಗುವ ಔಷಧ ಕೊಟ್ಟು ಗುದನಾಳದ ಮೂಲಕ ಮಾಡಿದಾಗ ಸೋಂಕು ನೂರಕ್ಕೆ 1.4ರಷ್ಟು ಮಾತ್ರ ಆಯಿತು. ಚರ್ಮದ ಮೂಲಕ, ಆ್ಯಂಟಿಬಯೋಟಿಕ್ ಇಲ್ಲದೆ ಮಾಡಿದವರಲ್ಲಿ ಒಬ್ಬರಿಗೂ ಆಗಲಿಲ್ಲ. ಈ ಪರೀಕ್ಷೆ ಕಷ್ಟದ್ದಲ್ಲ. ಬಯಾಪ್ಸಿಗೆ ಒಂದು ವಾರ ಮೊದಲು ಹತ್ತಿ ಸುತ್ತಿದ ಕಡ್ಡಿಯನ್ನು ಗುದದ್ವಾರದ ಒಳಗೆ ತಿರುಗಿಸಿ ತೆಗೆದು ಕಲ್ಚರ್‌ಗೆ ಕಳಿಸುತ್ತಾರೆ, ಎರಡು ಮೂರು ದಿನದಲ್ಲಿ ವರದಿ ಬರುತ್ತದೆ. ಬೀದರ್, ಯಾದಗಿರಿ, ಕಲಬುರಗಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿದ್ದು ಅವುಗಳಿಗೆ ಸೂಕ್ಷ್ಮಜೀವಿಶಾಸ್ತ್ರ ವಿಭಾಗಗಳಿವೆ. ಆದರೆ ಇದು ದಿನನಿತ್ಯ ಬರುವ ಕೋರಿಕೆಯಲ್ಲ. ಆದ್ದರಿಂದ ಯಾವ ಉದ್ದೇಶಕ್ಕೆ, ಯಾವ ಔಷಧಗಳ ಮೇಲೆ ನೋಡಬೇಕು ಎಂದು ನಿಮ್ಮ ವೈದ್ಯರು ಚೀಟಿಯಲ್ಲಿ ಬರೆದು ಕಳಿಸಬೇಕಾಗುತ್ತದೆ.

ಅದರ ಜೊತೆಗೆ ಬೆಟಾಡಿನ್ ಎಂದು ನೀವು ಬಲ್ಲ ಪೊವಿಡೋನ್ ಅಯೋಡಿನ್ ದ್ರಾವಣದಿಂದ ಸೂಜಿ ಹಾಕುವ ಮೊದಲು ಗುದನಾಳವನ್ನು ಒರೆಸಬೇಕು. ಇಷ್ಟು ಸುಲಭದ, ಇಷ್ಟು ಅಗ್ಗದ ಕೆಲಸ ಸೋಂಕನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ ಎಂದು ಅಧ್ಯಯನಗಳ ಒಟ್ಟು ಲೆಕ್ಕ ತೋರಿಸಿದೆ. ಎಲ್ಲ ಆಸ್ಪತ್ರೆಯಲ್ಲೂ ಇರುವ ಈ ಬಾಟಲಿಯನ್ನು ಬಳಸದಿರುವುದಕ್ಕೆ ಕಾರಣವೇ ಇಲ್ಲ ಎಂದು ನಾನು ಬಲವಾಗಿ ನಂಬಿದ್ದೇನೆ. ಅಯೋಡಿನ್ ಅಲರ್ಜಿ ಇದ್ದವರು ಮಾತ್ರ ಮೊದಲೇ ಹೇಳಬೇಕು. ಬರಿಯ ಎನಿಮಾ ಕೊಟ್ಟು ಹೊಟ್ಟೆ ಖಾಲಿ ಮಾಡಿಸುವುದರಿಂದ ಸ್ಕ್ಯಾನ್ ಚಿತ್ರ ಸ್ಪಷ್ಟವಾಗುತ್ತದೆಯೇ ಹೊರತು ಸೋಂಕು ಕಡಿಮೆಯಾಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ.

ಔಷಧದ ಆಯ್ಕೆ ನಿಮ್ಮ ವೈದ್ಯರದು. ಆದರೂ ಹೆಸರುಗಳು ಗೊತ್ತಿದ್ದರೆ ಮಾತುಕತೆ ಸುಲಭವಾಗುತ್ತದೆ. ಫಾಸ್ಫೊಮೈಸಿನ್ ಎಂಬ, ನೀರಿನಲ್ಲಿ ಕರಗಿಸಿ ಕುಡಿಯುವ 3 ಗ್ರಾಂ ಪುಡಿಯ ಪೊಟ್ಟಣ ಬಯಾಪ್ಸಿಗೆ ಮುಂಚೆ ಒಂದು, ಮರುದಿನ ಇನ್ನೊಂದು ಎಂಬಂತೆ ಬಳಕೆಯಲ್ಲಿದೆ. ನಮ್ಮ ದೇಶದ ಇ. ಕೋಲಿಯ ಮೇಲೆ ಅದು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಅಮಿಕಾಸಿನ್ ಇಂಜೆಕ್ಷನ್ ಕೂಡ ಹಾಗೆಯೇ, ಆದರೆ ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ ಇರುವವರಿಗೆ ಅದನ್ನು ಕೊಡುವ ಮೊದಲು ಕ್ರಿಯಾಟಿನಿನ್ ನೋಡಿ ಮೂತ್ರಪಿಂಡ ಸರಿಯಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಕರುಳಿನ ಕಲ್ಚರ್ ಮಾಡಲಾಗದ ಕಡೆ ಬೇರೆ ಬೇರೆ ಗುಂಪಿನ ಎರಡು ಔಷಧಗಳನ್ನು ಒಂದೊಂದೇ ಸಲ ಕೊಡುವ ಪದ್ಧತಿಯೂ ಇದೆ. ಅದರಿಂದ ರಕ್ಷಣೆ ಹೆಚ್ಚುತ್ತದೆ, ನಿರೋಧಕತೆ ಬೆಳೆಯುವ ಅಪಾಯವೂ ಹೆಚ್ಚುತ್ತದೆ. ಮೆರೊಪೆನೆಮ್‌ನಂಥ ಔಷಧವನ್ನು ಮುನ್ನೆಚ್ಚರಿಕೆಗಾಗಿ ಎಲ್ಲರಿಗೂ ಕೊಡುವುದನ್ನು ನಾನು ವಿರೋಧಿಸುತ್ತೇನೆ. ನಂಜೇರಿ ಬಂದವರ ಜೀವ ಉಳಿಸಲು ನಮ್ಮ ಕೈಯಲ್ಲಿ ಉಳಿದಿರುವುದು ಅದೇ. ಅದನ್ನೂ ಓಫ್ಲಾಕ್ಸಾಸಿನ್‌ನಂತೆ ಕಳೆದುಕೊಂಡರೆ ಮುಂದೆ ಕೊಡಲು ಏನಿದೆ?

ಯಾವ ದಾರಿಯನ್ನು ಆರಿಸಿದರೂ ಮೊದಲು ಮೂತ್ರದ ಕಲ್ಚರ್ ಮಾಡಿಸಲೇಬೇಕು. ಮೂತ್ರದಲ್ಲಿ ಸೋಂಕು ಇರುವಾಗ ಬಯಾಪ್ಸಿ ಮಾಡುವಂತಿಲ್ಲ. ಅದನ್ನು ವಾಸಿ ಮಾಡಿ ಆಮೇಲೆ ದಿನ ಗೊತ್ತು ಮಾಡಬೇಕು. ಸಕ್ಕರೆಯ ವಿಷಯದಲ್ಲಿ, ಎಚ್‌ಬಿಎ1ಸಿ ಮೂರು ತಿಂಗಳ ಸರಾಸರಿಯಾದ್ದರಿಂದ ಎರಡು ವಾರದಲ್ಲಿ ಅದು ಇಳಿದು ಕಾಣುವುದಿಲ್ಲ. ನಾನು ನೋಡುವುದು ದಿನನಿತ್ಯದ ಸಕ್ಕರೆಯನ್ನು. ಮೂರು ನಾಲ್ಕು ವಾರ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಸರಿಹೊಂದಿಸಿಕೊಂಡು ಖಾಲಿ ಹೊಟ್ಟೆಯ ಸಕ್ಕರೆ ಹತೋಟಿಗೆ ಬಂದ ಮೇಲೆ ಮಾಡಿಸುವುದು ಒಳ್ಳೆಯದು. ಅಷ್ಟರಲ್ಲಿ ಕ್ಯಾನ್ಸರ್ ಬೆಳೆದುಬಿಡುವುದೇ ಎಂದು ನೀವು ಕೇಳಬಹುದು. ಪ್ರಾಸ್ಟೇಟ್ ಕ್ಯಾನ್ಸರ್ ಸಾಮಾನ್ಯವಾಗಿ ತಿಂಗಳುಗಳ, ವರ್ಷಗಳ ಲೆಕ್ಕದಲ್ಲಿ ನಡೆಯುವ ರೋಗ. ತಯಾರಿಗೆಂದು ಒಂದು ತಿಂಗಳು ತೆಗೆದುಕೊಂಡರೆ ನಷ್ಟವಿಲ್ಲ. ಭಯದಿಂದ ಒಂದು ವರ್ಷ ಮುಂದೂಡಿದರೆ ನಷ್ಟವಿದೆ. ಹೃದಯಕ್ಕೆಂದು ಕ್ಲೊಪಿಡೊಗ್ರೆಲ್‌ನಂಥ ರಕ್ತ ತೆಳುಮಾಡುವ ಮಾತ್ರೆ ಇದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಹೃದ್ರೋಗ ವೈದ್ಯರನ್ನು ಕೇಳಿ. ಈ ಒಂದು ತಿಂಗಳಲ್ಲಿ ಭೇದಿಯಾದರೆ ಓಆರ್‌ಎಸ್ ಕುಡಿಸಿ, ಅಂಗಡಿಯ ಮಾತ್ರೆ ಬೇಡ.

ಬಯಾಪ್ಸಿಯ ನಂತರ ಏನು ಸಹಜ, ಏನು ಅಪಾಯ ಎಂಬುದನ್ನು ಮನೆಯಲ್ಲಿ ಒಬ್ಬರಲ್ಲ, ಎಲ್ಲರೂ ತಿಳಿದಿರಬೇಕು. ಕೆಲವು ದಿನ ಮೂತ್ರ ಕೆಂಪಗೆ ಬರುವುದು, ಗುದನಾಳದ ಮೂಲಕ ಮಾಡಿದ್ದರೆ ಒಂದೆರಡು ದಿನ ಮಲದಲ್ಲಿ ರಕ್ತದ ಗುರುತು, ವೀರ್ಯದಲ್ಲಿ ಕೆಲವು ವಾರ ಕಂದು ಬಣ್ಣ, ಇವು ಸಹಜ. ನೀರು ಚೆನ್ನಾಗಿ ಕುಡಿದರೆ ಸಾಕು, ನಮ್ಮ ಬೇಸಿಗೆಯಲ್ಲಂತೂ ಇನ್ನೂ ಹೆಚ್ಚು ಬೇಕು. ರಕ್ತದ ಗಟ್ಟಿ ತುಂಡುಗಳು ಬರುವುದು, ಮೂತ್ರ ಪೂರ್ತಿ ಕಟ್ಟುವುದು ಸಹಜವಲ್ಲ. ಸೋಂಕು ಹೆಚ್ಚಾಗಿ ಮೊದಲ ಮೂರು ದಿನಗಳಲ್ಲಿ, ಕೆಲವೊಮ್ಮೆ ಒಂದು ವಾರದೊಳಗೆ ತಲೆದೋರುತ್ತದೆ. ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲಿ. 100.4 ಡಿಗ್ರಿ ಅಥವಾ ಹೆಚ್ಚು ಜ್ವರ, ಇಲ್ಲವೇ ಹಲ್ಲು ಕಟಕಟಿಸುವ ಚಳಿ ಬಂದರೆ ಅದು ರಾತ್ರಿ ಎರಡು ಗಂಟೆಯಾಗಿದ್ದರೂ ಹೊರಡಬೇಕು. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಜ್ವರವೇ ಇಲ್ಲದೆ ಬರಿಯ ಸುಸ್ತು, ಏದುಸಿರು, ಮಾತಿನಲ್ಲಿ ಗೊಂದಲ, ಇದ್ದಕ್ಕಿದ್ದಂತೆ ಏರಿದ ಸಕ್ಕರೆ ಇಷ್ಟೇ ಕಾಣಬಹುದು. ಪ್ಯಾರಾಸಿಟಮಾಲ್ ಜ್ವರವನ್ನು ಮುಚ್ಚಿಡುತ್ತದೆ, ನಂಜನ್ನು ತಡೆಯುವುದಿಲ್ಲ; ಉಳಿದ ಹಳೆಯ ಆ್ಯಂಟಿಬಯೋಟಿಕ್ ಕೊಟ್ಟು ನೋಡೋಣ ಎನ್ನುವುದು ಅದಕ್ಕಿಂತ ಕೆಟ್ಟದ್ದು. ಈ ಸ್ಥಿತಿಯಲ್ಲಿ ರಕ್ತ ಮತ್ತು ಮೂತ್ರವನ್ನು ಕಲ್ಚರ್‌ಗೆ ತೆಗೆದು, ವರದಿಗೆ ಕಾಯದೆ ಆಗಲೇ ನರದ ಮೂಲಕ ತಕ್ಕ ಔಷಧ ಶುರು ಮಾಡಬೇಕು. ಪ್ರತಿ ತಾಸಿಗೂ ಬೆಲೆಯಿದೆ.

ನಿಮ್ಮ ಊರಿನಿಂದ ಕಲಬುರಗಿ ದೂರವಿರುವುದರಿಂದ ಈ ಸಿದ್ಧತೆಯನ್ನು ಬಯಾಪ್ಸಿಯ ಹಿಂದಿನ ದಿನವೇ ಮಾಡಿಕೊಳ್ಳಿ. ಸಾಧ್ಯವಾದರೆ ಮೊದಲ ಮೂರು ರಾತ್ರಿ ಆಸ್ಪತ್ರೆ ಇರುವ ಊರಿನಲ್ಲೇ ಉಳಿಯಿರಿ. ಇಲ್ಲವಾದರೆ ಯಾರ ಗಾಡಿ, ಯಾವ ಆಸ್ಪತ್ರೆ ಎಂದು ಮೊದಲೇ ಮಾತಾಡಿಟ್ಟುಕೊಳ್ಳಿ. ಗಾಡಿ ಸಿಗದಿದ್ದರೆ 108ಕ್ಕೆ ಕರೆ ಮಾಡಿ. ಒಂದು ಹಾಳೆಯ ಮೇಲೆ ಬಯಾಪ್ಸಿ ಆದ ದಿನಾಂಕ, ಯಾವ ದಾರಿಯಲ್ಲಿ ಆಯಿತು, ಅಂದು ಕೊಟ್ಟ ಔಷಧದ ಹೆಸರು, ಕರುಳಿನ ಮತ್ತು ಮೂತ್ರದ ಕಲ್ಚರ್ ವರದಿ, ಕಳೆದ ಆರು ತಿಂಗಳಲ್ಲಿ ನುಂಗಿದ ಎಲ್ಲ ಆ್ಯಂಟಿಬಯೋಟಿಕ್‌ಗಳು, ದಿನನಿತ್ಯದ ಸಕ್ಕರೆ ಮಾತ್ರೆಗಳು, ಬಯಾಪ್ಸಿ ಮಾಡಿದ ವೈದ್ಯರ ಫೋನ್ ಸಂಖ್ಯೆ ಇಷ್ಟನ್ನು ಬರೆದು ತಂದೆಯವರ ಅಂಗಿಯ ಜೇಬಿನಲ್ಲಿ ಇಡಿ. ಲಿವೊಫ್ಲಾಕ್ಸಾಸಿನ್ ಎರಡು ವಾರ ತೆಗೆದುಕೊಂಡದ್ದನ್ನು ಅದರಲ್ಲಿ ಎಲ್ಲಕ್ಕಿಂತ ಮೇಲೆ ಬರೆಯಿರಿ.